ಮುಕ್ಕಾಲು ನಿಮಿಷದ ಟ್ರಾಮ್ ಸ್ಟಾಪು

ಮೊದಲೇ ಹೇಳಿಬಿಡುತ್ತೇನೆ. ಡಾಲಸ್ಸಿನ ಆ ಮೂಲೆಯ ಟ್ರಾಮ್ ಸ್ಟಾಪನ್ನು ನಕ್ಷೆಯಿಂದ ಅಳಿಸಿದ್ದು ಬಿಲ್ಡರೂ ಅಲ್ಲ, ಸಿಟಿಯವರೂ ಅಲ್ಲ. ಅಳಿಸಿದ್ದು ನನ್ನ ಮಿಮಿಕ್ರಿ. ಆಸ್ಟಿನ್ನಿನ ಯುಗಾದಿ ಕಾರ್ಯಕ್ರಮದಲ್ಲಿ, ಬಾಡಿಗೆಗೆ ಹಿಡಿದ ಹೈಸ್ಕೂಲ್ ಸಭಾಂಗಣದ ವೇದಿಕೆಯ ಮೇಲೆ, ಪುಳಿಯೋಗರೆ ಟ್ರೇಗಳ ಪರಿಮಳದ ನಡುವೆ ನಾನು ಮಾಡಿದ ಐಟಂಗಳಲ್ಲಿ ಕೊನೆಯದು. ಚಪ್ಪಾಳೆ ಬಿತ್ತು, ಸ್ಟಾಪು ಹೋಯಿತು. ಇದನ್ನು ಓದಿ ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಆದರೆ ಅಷ್ಟನ್ನೂ ಇಲ್ಲೇ ಖರ್ಚು ಮಾಡಬೇಡಿ, ಮುಂದೆ ಬೇಕಾಗುತ್ತದೆ.

ನಾನಾಗ ಆಸ್ಟಿನ್ನಿನ ಒಂದು ಸಣ್ಣ ಟ್ರಾಫಿಕ್ ಕನ್ಸಲ್ಟಿಂಗ್ ಕಂಪನಿಯಲ್ಲಿದ್ದೆ. ವಾಸ ಫ್ಲೂಗರ್‌ವಿಲ್‌ನಲ್ಲಿ, ಇಬ್ಬರು ಸಾಫ್ಟ್‌ವೇರ್ ಗೆಳೆಯರ ಜೊತೆ. ಅವರು ಕೋಡ್ ಬರೆಯುತ್ತಿದ್ದರು. ನಾನು ಟ್ರಾಮು ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಬರೆಯುತ್ತಿದ್ದೆ. ಡಾಲಸ್ಸಿನವರು ಟ್ರಾಮಿಗೆ ಟ್ರಾಲಿ ಎನ್ನುತ್ತಾರೆ. ಅಮ್ಮನಿಗೆ ಫೋನಿನಲ್ಲಿ ಹಾಗೇ ಹೇಳಿದ್ದಕ್ಕೆ, ಏರ್‌ಪೋರ್ಟಿನಲ್ಲಿ ಲಗೇಜ್ ತಳ್ಳೋದಕ್ಕೆ ಎಂ.ಎಸ್. ಬೇರೆ ಬೇಕಿತ್ತಾ ಎಂದು ಕೇಳಿದ್ದಳು.

ಟೆಕ್ಸಸ್ಸಿನ ಊರುಗಳಿಗೆ ಆಗ ಟ್ರಾಮಿನ ಹುಚ್ಚು ಹಿಡಿದಿತ್ತು. ಅರ್ಧ ಹುಚ್ಚು ಅನ್ನಿ. ಹ್ಯೂಸ್ಟನ್ನಿನಲ್ಲಿ ಹೊಸ ರೈಲು ಬೀದಿಯ ನಡುವೆಯೇ ಓಡಲು ಶುರುವಾಗಿ ಕೆಲವು ತಿಂಗಳಾಗಿತ್ತಷ್ಟೆ. ಆಸ್ಟಿನ್ನಿನವರು ಕೆಲವು ವರ್ಷಗಳ ಹಿಂದೆ ಕೂದಲೆಳೆಯ ಅಂತರದಲ್ಲಿ ರೈಲು ಬೇಡ ಎಂದು ವೋಟು ಹಾಕಿ, ಅಂದಿನಿಂದ ಐ-35 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ನಿಂತುಕೊಂಡು ಅದೇ ವಿಷಯ ಯೋಚಿಸುತ್ತಿದ್ದರು. ಡಾಲಸ್ಸಿನ ಕಥೆ ಮಾತ್ರ ಬೇರೆ. ಅಲ್ಲಿ ಡೌನ್‌ಟೌನಿನ ಉತ್ತರಕ್ಕೆ ಒಂದು ರಸ್ತೆಯ ಡಾಂಬರು ಕೆತ್ತಿ ನೋಡಿದಾಗ ಕೆಳಗೆ ಇಟ್ಟಿಗೆ ಸಿಕ್ಕಿತ್ತು, ಇಟ್ಟಿಗೆಯ ನಡುವೆ ಹಳೆಯ ಟ್ರಾಮಿನ ಹಳಿ ಹಾಗೇ ಮಲಗಿತ್ತು. ಯಾವಾಗಲೋ ಬೇಡವೆಂದು ಹೂತಿದ್ದನ್ನು ಟ್ರಾಮಿನ ಮೋಹದ ಕೆಲವರು ಮತ್ತೆ ಎಬ್ಬಿಸಿ, ಎಲ್ಲೆಲ್ಲಿಂದಲೋ ಹಳೆಯ ಗಾಡಿಗಳನ್ನು ತಂದು ರಿಪೇರಿ ಮಾಡಿ ಓಡಿಸುತ್ತಿದ್ದರು. ಡ್ರೈವರುಗಳೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಟ್ರಾಮು ಕೊನೆಯ ಸ್ಟಾಪು ಮುಟ್ಟಿದ ಮೇಲೆ ಡ್ರೈವರು ತನ್ನ ಹಿತ್ತಾಳೆಯ ಹಿಡಿಯನ್ನು ಬಿಚ್ಚಿಕೊಂಡು ಇನ್ನೊಂದು ತುದಿಗೆ ನಡೆದುಹೋಗುತ್ತಾನೆ. ಹೋಗುತ್ತ ದಾರಿಯಲ್ಲಿ ಸೀಟುಗಳ ಬೆನ್ನನ್ನು ಟಪ ಟಪ ಎಂದು ಆಚೆಗೆ ಮಗುಚುತ್ತಾನೆ. ಅಷ್ಟೇ; ಹಿಂದಿನದು ಮುಂದಾಯಿತು. ಅದನ್ನು ಮೊದಲ ಸಲ ನೋಡಿದ ದಿನ ನಾನು ಕೆಲಸ ಮರೆತು ಮೂರು ಸುತ್ತು ಹೋಗಿದ್ದೆ.

ಈ ಆಟಿಕೆಯಂತಹ ಲೈನನ್ನು ಉದ್ದ ಮಾಡಿ, ನಿಜವಾದ ವೇಳಾಪಟ್ಟಿಯ ಮೇಲೆ ಓಡುವ ಸಾರಿಗೆಯನ್ನಾಗಿ ಮಾಡುವ ಯೋಜನೆಯೊಂದು ನಮ್ಮ ಕಂಪನಿಗೆ ಬಂತು. ನನ್ನ ಪಾಲಿಗೆ ಬಂದದ್ದು ಡ್ವೆಲ್ ಟೈಮ್. ಸ್ಟಾಪಿನಲ್ಲಿ ಬಾಗಿಲು ತೆರೆದಲ್ಲಿಂದ ಮುಚ್ಚುವವರೆಗಿನ ಹೊತ್ತು, ಬೇರೇನಿಲ್ಲ. ಕೇಳಿದರೆ ನಗು ಬರುತ್ತದೆ. ಆದರೆ ಇಡೀ ಲೈನಿನ ಜಾತಕ ನಿಂತಿರುವುದು ಅದರ ಮೇಲೆ. ಪ್ರತಿ ಸ್ಟಾಪಿನಲ್ಲೂ ಅಷ್ಟಿಷ್ಟು ಸೇರಿ, ಒಂದು ಸುತ್ತಿಗೆ ಹಿಡಿಯುವ ಹೊತ್ತು ಮಿತಿ ದಾಟಿದರೆ ವೇಳಾಪಟ್ಟಿ ಉಳಿಸಲು ಇನ್ನೊಂದು ಗಾಡಿ ಬೇಕು. ಗಾಡಿ ಕೊಳ್ಳುವುದಕ್ಕಿಂತ ಸ್ಟಾಪು ಕಿತ್ತುಹಾಕುವುದು ಸುಲಭ. ಹಾಗಾಗಿ ಯಾವ ಸ್ಟಾಪು ಹೆಚ್ಚು ಹೊತ್ತು ತಿನ್ನುತ್ತದೋ ಅದರ ಕುತ್ತಿಗೆಗೇ ಕೈ.

ನನ್ನ ಬಾಸ್ ಧಾರವಾಡದವರು. ಟೆಕ್ಸಸ್ಸಿಗೆ ಬಂದು ನನ್ನ ವಯಸ್ಸಿನಷ್ಟು ವರ್ಷವಾಗಿತ್ತು. ರಿಪೋರ್ಟಿನ ಮೇಲೆ ತಮ್ಮ ಎಂಜಿನಿಯರ್ ಸೀಲು ಒತ್ತುವ ಮುನ್ನ ಕೈ ತೊಳೆದು ಬರುವ ಮನುಷ್ಯ. ಅವರಿಗೆ ಒಂದು ಚಟ: ಕೈಗಡಿಯಾರದ ಸ್ಟಾಪ್‌ವಾಚ್. ಕುಕ್ಕರಿನ ಸೀಟಿಯಿಂದ ಹಿಡಿದು ಕನ್ನಡ ಸಂಘದ ಅಧ್ಯಕ್ಷರ ಭಾಷಣದವರೆಗೆ ಎಲ್ಲವನ್ನೂ ಅಳೆಯುತ್ತಿದ್ದರು. ಅವರು ಗುಂಡಿ ಒತ್ತುವಾಗ ನಾಲಗೆಯ ತುದಿ ತುಟಿಯ ಆಚೆ ಬರುತ್ತಿತ್ತು. ಇದನ್ನು ನಾನು ಆಫೀಸಿನ ಕಾಫಿ ಯಂತ್ರದ ಬಳಿ ಎಷ್ಟು ಸಲ ಮಾಡಿ ತೋರಿಸಿದ್ದೇನೋ ಲೆಕ್ಕವಿಲ್ಲ.

ಅಳೆಯಲು ಅವರು ನನ್ನನ್ನು ಡಾಲಸ್ಸಿಗೆ ಕಳಿಸಿದರು. ಒಂದೊಂದೇ ಸ್ಟಾಪು ಅಳೆಯುತ್ತ ಬಂದೆ. ಹಳೆಯ ಇಟ್ಟಿಗೆಯ ಕಟ್ಟಡವೊಂದರ ಮುಂದಿನ ಮೂಲೆಗೆ ಟ್ರಾಮು ನಿಂತಿತು. ಅದು ವಯಸ್ಸಾದವರಿಗೆಂದೇ ಇರುವ ಅಪಾರ್ಟ್‌ಮೆಂಟು. ಸುತ್ತಲಿನ ಓಣಿಗಳೆಲ್ಲ, ಬಿಳಿಯರಿಗೂ ಕಪ್ಪು ಜನರಿಗೂ ಎಲ್ಲ ಬೇರೆ ಬೇರೆ ಇದ್ದ ಕಾಲಕ್ಕೆ, ಕಪ್ಪು ಜನರ ಬಡಾವಣೆ. ಈಗ ಅದರಲ್ಲಿ ಉಳಿದದ್ದು ಆ ಕಟ್ಟಡ, ಒಂದು ಚರ್ಚು ಮತ್ತು ಸುತ್ತ ಎದ್ದ ಗಾಜಿನ ಗೋಪುರಗಳ ನೆರಳು. ಹಸಿರು ಟೋಪಿ ಹಾಕಿದ ಒಬ್ಬ ಕಪ್ಪು ಅಜ್ಜಿ ಹತ್ತಿದರು. ನಿವೃತ್ತ ಶಾಲಾ ಟೀಚರು ಎಂದು ಆಮೇಲೆ ಗೊತ್ತಾಯಿತು. ಹತ್ತಿದರು ಎಂದರೆ ತಪ್ಪಾಗುತ್ತದೆ, ಅದೊಂದು ಪ್ರವೇಶ. ಮೊದಲು ಕೈಚೀಲ ಬಂತು. ಆಮೇಲೆ ಕೋಲು. ಆಮೇಲೆ ಮೆಟ್ಟಿಲ ಮೇಲೆ ಒಂದು ಕಾಲು, ಜೊತೆಗೆ ಡ್ರೈವರಿನ ಹೆಂಡತಿಯ ಮಂಡಿ ನೋವಿನ ವಿಚಾರಣೆ. ಇನ್ನೊಂದು ಕಾಲಿನ ಹೊತ್ತಿಗೆ ಔಷಧಿ ಅಂಗಡಿಯವನ ಮೇಲೆ ದೂರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಗುಂಡಿ ಒತ್ತುವುದು ಮರೆತೇ ಹೋಯಿತು. ನಕಲು ಮಾಡುವವನಿಗೆ ಎದುರಿಗೆ ಇಂತಹ ಐಟಂ ಸಿಕ್ಕಾಗ ಎಂಜಿನಿಯರು ಒಳಗೆ ಎಲ್ಲೋ ಹೋಗಿ ಮಲಗುತ್ತಾನೆ. ಆ ಸ್ಟಾಪಿನ ಜಾಗ ಖಾಲಿ ಬಿಟ್ಟೆ, ಇನ್ನೊಮ್ಮೆ ಬಂದು ತುಂಬಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಹಳಿ ರಿಪೇರಿಗೆಂದು ಆ ಲೈನನ್ನು ಕೆಲ ತಿಂಗಳು ನಿಲ್ಲಿಸಿಬಿಟ್ಟರು.

ಆ ನಡುವೆ ಬಂದದ್ದು ಯುಗಾದಿ. ಮೊದಲು ಸಂಘದ ಅಧ್ಯಕ್ಷರನ್ನು ಮಾಡಿದೆ. ಆಮೇಲೆ ಬಾಸನ್ನು, ಮುಂದಿನ ಸಾಲಿನಲ್ಲಿ ಅವರು ಕೂತಿರುವಾಗಲೇ, ನಾಲಗೆಯ ತುದಿ ಸಮೇತ. ಜನ ಬಿದ್ದು ಬಿದ್ದು ನಕ್ಕರು. ಬಾಸಿನ ಹೆಂಡತಿ, ನಾವೆಲ್ಲ ಆಂಟಿ ಎನ್ನುತ್ತಿದ್ದವರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನನ್ನೇ ಮಾಡಿಕೊಂಡೆ, ವೀಸಾ ಆಫೀಸರ್ ಮುಂದೆ ನಾನು ಹೇಗೆ ನಿಂತಿದ್ದೆ ಎಂದು. ಕೊನೆಗೆ ಹಸಿರು ಟೋಪಿಯ ಅಜ್ಜಿ ಟ್ರಾಮು ಹತ್ತಿದ್ದನ್ನು ಮಾಡಿದೆ. ವೇದಿಕೆಯ ಮೇಲೆ ಒಂದನ್ನು ಮೂರು ಮಾಡಿ ಎಳೆಯಬೇಕು, ಇಲ್ಲದಿದ್ದರೆ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಎಳೆದೆ. ಕೋಲು ಎತ್ತಿದೆ, ಇಳಿಸಿದೆ, ಮಂಡಿ ಹಿಡಿದುಕೊಂಡೆ, ಚೀಲ ಹುಡುಕಿದೆ. ಅಲ್ಲಿ ಕೂತವರಲ್ಲಿ ಒಬ್ಬರೂ ಆಕೆಯನ್ನು ಕಂಡವರಲ್ಲ. ನಕ್ಕರು. ನಾನು ಬಗ್ಗಿ ವಂದಿಸುವಾಗ ಬಾಸು ತಮ್ಮ ಗಡಿಯಾರವನ್ನು ನೋಡಿಕೊಳ್ಳುತ್ತಿದ್ದರು. ಊಟಕ್ಕೆ ಹೊತ್ತಾಯಿತೇನೋ ಎಂದುಕೊಂಡೆ.

ಎರಡು ವಾರದ ಮೇಲೆ ಅಂತಿಮ ರಿಪೋರ್ಟು ನೋಡಿದರೆ ಆ ಮೂಲೆ ಇರಲಿಲ್ಲ. ಡ್ವೆಲ್ ಟೈಮ್ ನಲವತ್ತೈದು ಸೆಕೆಂಡು, ಆದ್ದರಿಂದ ಸ್ಟಾಪು ರದ್ದು. ಬದಲಿಗೆ ಮೂರು ಬ್ಲಾಕ್, ಅಂದರೆ ಮೂರು ಅಡ್ಡರಸ್ತೆ, ಆಚೆ, ಆಗಷ್ಟೇ ಏಳುತ್ತಿದ್ದ ಐಷಾರಾಮಿ ಗೋಪುರವೊಂದರ ಬಾಗಿಲಿಗೆ ಹೊಸ ಸ್ಟಾಪು. ಬಾಸಿನ ಕೋಣೆಗೆ ಓಡಿ, ಈ ನಲವತ್ತೈದು ಎಲ್ಲಿಂದ ಬಂತು ಎಂದು ಕೇಳಿದೆ.

"ನೀನಽ ಕೊಟ್ಟೀಯಲ್ಲೋ ತಮ್ಮಾ," ಎಂದರು. "ಯುಗಾದಿ ದಿನ. ಮುಂದಿನ ಸಾಲಿನ್ಯಾಗ ಕೂತು ನಾನಽ ಹಿಡದೀನಿ."

"ಅದು ಮಿಮಿಕ್ರಿ, ಸರ್."

"ಹೌದು, ಮಿಮಿಕ್ರಿನಽ. ನನ್ನ ಹೆಂಗ ಮಾಡಿದಿ ಅಂದ್ರ, ನಮ್ಮ ಮನಿಯಾಕಿ ಖಾಸಾ ನಾನಽ ಅಂದ್ಲು. ನನ್ನ ಕರೆಕ್ಟ್ ಮಾಡಿದಾವ ಆ ಅಜ್ಜೀನ ತಪ್ಪು ಮಾಡ್ತೀಯೇನು?"

ಸ್ಟೇಜಿನ ಮೇಲೆ ಒಂದಕ್ಕೆ ಮೂರು ಎಳೀತೀವಿ ಸರ್ ಎಂದೆ. ಅವರು ಕನ್ನಡಕ ತೆಗೆದರು.

"ಹಂಗಾದ್ರ ನನ್ನೂ ಎಳದಿದ್ದೆಯೇನು?"

ಈ ಪ್ರಶ್ನೆಗೆ ಬಾಸು ಕೊಟ್ಟ ಕೆಲಸಕ್ಕೇ ಅಂಟಿದ ಎಚ್1-ಬಿ ವೀಸಾದ ಮೇಲಿರುವ ಯಾವ ಮಗನೂ ಉತ್ತರ ಕೊಡಲಾರ. ಖಾಲಿ ಜಾಗ ಬಿಟ್ಟು ರಿಪೋರ್ಟು ಕಳಿಸುವ ಹಾಗಿರಲಿಲ್ಲ, ಟ್ರಾಮು ನಿಂತಿತ್ತು, ನನ್ನ ಸಾಕ್ಷಿಯೊಂದೇ ಇತ್ತು. ಅವರು ತಮಗೆ ನಂಬಿಕೆಯಿದ್ದ ಸಾಕ್ಷಿಯನ್ನು ಬಳಸಿಕೊಂಡಿದ್ದರು. ರಿಪೋರ್ಟು ಹೋಗ್ಯದ, ಸೀಲು ಬಿದ್ದದ, ಬೇರೆ ಅಳತೆ ಇದ್ದರ ತಂದು ತೋರಿಸು ಎಂದರು.

ಇಲ್ಲಿಯವರೆಗಿನ ನಿಮ್ಮ ಸಿಟ್ಟು ನನಗೆ, ಬಾಸಿಗೆ ಸಲ್ಲಬೇಕು, ಸರಿ. ಆದರೆ ಆಮೇಲೆ ನಡೆದದ್ದು ನೋಡಿ. ಆ ಅಂಕಿಯನ್ನು ಯಾರಾದರೂ ಪ್ರಶ್ನಿಸುತ್ತಾರೆ ಎಂದು ಕಾದೆ. ಸಿಟಿಯವರು ನಮ್ಮ ರಿಪೋರ್ಟಿನಲ್ಲಿ ಅಲ್ಪವಿರಾಮವನ್ನೂ ಬಿಡದೆ ಕೇಳುತ್ತಿದ್ದರು: ತಂತಿಯ ಎತ್ತರ ಇಷ್ಟೇ ಏಕೆ, ತಿರುವಿನಲ್ಲಿ ಹಳಿ ಕಿರುಗುಟ್ಟುವ ಸದ್ದು ಎಷ್ಟು, ಕಂಬದ ಬಣ್ಣ ಯಾವುದು. ನಲವತ್ತೈದು ಸೆಕೆಂಡನ್ನು ಮಾತ್ರ ಒಬ್ಬನೂ ಕೇಳಲಿಲ್ಲ. ಅದು ಎಲ್ಲರಿಗೂ ಹಿತವಾಗಿತ್ತು. ಗೋಪುರದ ಬಿಲ್ಡರಿಗೆ ಬಾಗಿಲ ಮುಂದೆ ಟ್ರಾಮು ಬೇಕಿತ್ತು. ಅವನ ವಕೀಲರು ಫೋನ್ ಮಾಡಿ, ನಿಮ್ಮ ಡ್ವೆಲ್ ಟೈಮಿನ ವಿಶ್ಲೇಷಣೆ ಬಹಳ ವೈಜ್ಞಾನಿಕವಾಗಿದೆ ಎಂದು ಹೊಗಳಿದರು. ವೈಜ್ಞಾನಿಕವಂತೆ! ಮಂಡಿ ಹಿಡಿದುಕೊಂಡು ಕುಂಟಿದ್ದು ನಾನು. ಆ ವಕೀಲರು ವಾಕ್ಯ ಶುರುಮಾಡುವ ಮುಂಚೆ ಗಂಟಲಲ್ಲಿ ಒಂದು ಹಗುರ ಹೂಂಕಾರ ಹೊರಡಿಸುತ್ತಿದ್ದರು. ಫೋನ್ ಇಟ್ಟ ಕ್ಷಣವೇ ಅದನ್ನು ಮಾಡಿ ತೋರಿಸಿದೆ. ಆಫೀಸಿನಲ್ಲಿ ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಡಾಲಸ್ಸಿನಲ್ಲಿ ಟ್ರಾಮು ನಿಂತಿದ್ದರಿಂದ ಅಳೆಯಲು ಉಳಿದದ್ದು ಹ್ಯೂಸ್ಟನ್. ಅಕ್ಕ, ಭಾವ ಅದರ ಹೊರವಲಯದ ಕೇಟಿಯಲ್ಲಿದ್ದರು. ರಜೆ ಹಾಕಿ ಅವರ ಮನೆಗೆ ಹೋದೆ. ಬೆಳಿಗ್ಗೆ ಭಾವ ಆಫೀಸಿಗೆ ಹೋಗುವಾಗ ನನ್ನನ್ನೂ ಕೂರಿಸಿಕೊಂಡರು. ಐ-10 ಅಗಲ ಮಾಡುವ ಕೆಲಸ ನಡೆದಿತ್ತು. ಎರಡೂ ಕಡೆ ಅಂಗಡಿ, ಮರ, ಮನೆ ಎಲ್ಲ ಹೋಗಿ ಕೆಂಪು ಮಣ್ಣು ಬಾಯಿ ತೆರೆದುಕೊಂಡಿತ್ತು. ಕಾರುಗಳ ಸಮುದ್ರದ ನಡುವೆ ನಾವು ಕೂತಿದ್ದೆವು. ಭಾವ ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ, ಇನ್ನೂ ನಾಲ್ಕು ಲೇನ್ ಬಂದ್ರೆ ಸರಿಹೋಗುತ್ತೆ ಕಣೋ ಎಂದರು. ನನ್ನ ತಲೆ ಕೆಟ್ಟಿತು. ಇಷ್ಟು ದೊಡ್ಡ ಗುಂಡಿಗೆ ಯಾರಾದರೂ ಸ್ಟಾಪ್‌ವಾಚ್ ಹಿಡಿದರಾ? ಇಲ್ಲಿ ದಿನಾ ಬೆಳಿಗ್ಗೆ ಸಾವಿರಾರು ಜನ ಸುಮ್ಮನೆ ಕೂತು ಕಳೆಯುವ ಹೊತ್ತಿಗೆ ಯಾವ ಕೋಷ್ಟಕದಲ್ಲಿ ಜಾಗವಿದೆ? ಒಬ್ಬ ಅಜ್ಜಿ ಮೆಟ್ಟಿಲು ಹತ್ತುವ ಹೊತ್ತು ಮಾತ್ರ ನಗರದ ಪ್ರಗತಿಗೆ ಅಡ್ಡಿ.

ರೈಲಿನಲ್ಲಿ ಎರಡು ದಿನ ಕೂತು ಅಳೆದೆ. ಆಸ್ಪತ್ರೆಗಳ ಬಡಾವಣೆಯಲ್ಲಿ ವಾಕರಿನವರು, ಗಾಲಿಕುರ್ಚಿಯವರು, ಕೈಗೆ ಪಟ್ಟಿ ಕಟ್ಟಿಕೊಂಡವರು ಹತ್ತಿ ಇಳಿಯುತ್ತಿದ್ದರು. ಪ್ಲಾಟ್‌ಫಾರಂ ಮತ್ತು ರೈಲಿನ ನೆಲ ಒಂದೇ ಮಟ್ಟದಲ್ಲಿದ್ದುದರಿಂದ ಅವರು ನೀರಿನಂತೆ ಒಳಗೆ ಹರಿದು ಬರುತ್ತಿದ್ದರು. ಎರಡನೆಯ ದಿನ ಒಂದು ಕ್ರಾಸಿನಲ್ಲಿ ಪಿಕಪ್ ಟ್ರಕ್ಕೊಂದು ಕೆಂಪು ದೀಪವಿದ್ದರೂ ಎಡಕ್ಕೆ ತಿರುಗಿ ನೇರ ರೈಲಿನ ಮುಂದೆ ಬಂತು. ಬ್ರೇಕು ಕಿರುಚಿತು, ನಾವೆಲ್ಲ ಒಬ್ಬರ ಮೇಲೊಬ್ಬರು ವಾಲಿದೆವು. ಸದ್ಯ, ಟ್ರಕ್ಕಿನ ಕನ್ನಡಿಯೊಂದೇ ಹೋಯಿತು. ಅದರ ಡ್ರೈವರು ಇಳಿದು, ಸೊಂಟಕ್ಕೆ ಕೈ ಕೊಟ್ಟು, ಈ ರೈಲು ಎಲ್ಲಿಂದಲೋ ಧುತ್ತೆಂದು ಬಂತು ಎಂದು ಪೊಲೀಸರಿಗೆ ಹೇಳುತ್ತಿದ್ದ. ಹಳಿಯ ಮೇಲೆ! ಗಂಟೆ ಹೊಡೆಯುತ್ತ! ಸುತ್ತ ನಿಂತ ಜನ ಅವನಿಗೇ ತಲೆಯಾಡಿಸಿದರು. ಊರಿಗೆ ಊರೇ ಆ ರೈಲನ್ನು ಗೇಲಿ ಮಾಡುತ್ತಿದ್ದ ಕಾಲ ಅದು. ಯಾರು ಎಲ್ಲಿ ತಪ್ಪಾಗಿ ತಿರುಗಿದರೂ ಬೈಗುಳ ರೈಲಿಗೆ. ಆ ಮಾತನ್ನು ಅವನ ಸೊಂಟದ ಕೈ ಸಮೇತ ರಾತ್ರಿಯೂಟಕ್ಕೆ ಅಕ್ಕನ ಮನೆಯಲ್ಲಿ ಮಾಡಿ ತೋರಿಸಿದೆ. ಅಕ್ಕನ ಮಗಳು ನಕ್ಕು ಇಂಗ್ಲಿಷಿನಲ್ಲಿ ಇನ್ನೊಂದು ಸಲ ಎಂದಳು. ಅಕ್ಕ ನಗಲಿಲ್ಲ. "ನೀನು ಯಾವಾಗ್ಲೂ ಬೇರೆಯವರದ್ದೇ ಮಾಡ್ತೀಯ," ಎಂದಳು. "ನೀನು ಮಾಡಿದ್ದನ್ನ ಯಾರಿಗೆ ಹೇಳ್ತೀಯ?"

ಹ್ಯೂಸ್ಟನ್ನಿನ ಅಳತೆಗಳನ್ನು ಬಾಸಿನ ಮುಂದಿಟ್ಟೆ. ನೋಡಿ ಪಕ್ಕಕ್ಕಿಟ್ಟರು. ಅಲ್ಲಿ ನೆಲ ಸಮ, ನಮ್ಮ ಗಾಡಿಗೆ ಮೆಟ್ಟಿಲು. ಅದನ್ನು ಇದಕ್ಕೆ ಹೋಲಿಸಲು ಬರುವುದಿಲ್ಲ ಎಂದರು. ಹೇಳಬೇಕೆಂದರೆ ಅವರ ಮಾತು ಸರಿ. ನನಗೂ ಮೊದಲೇ ಗೊತ್ತಿತ್ತು. ಹಾಗಾದರೆ ಆ ಮೂಲೆಯ ಫುಟ್‌ಪಾತನ್ನೇ ಟ್ರಾಮಿನ ನೆಲದ ಮಟ್ಟಕ್ಕೆ ಎತ್ತರಿಸೋಣ ಎಂದು ಒಂದು ನಕ್ಷೆ ಬರೆದುಕೊಟ್ಟೆ. ಸಿಟಿಯವರು, ರದ್ದಾದ ಸ್ಟಾಪಿಗೆ ಕಟ್ಟೆ ಕಟ್ಟುವುದು ಹೇಗೆ ಎಂದು ವಾಪಸು ಕಳಿಸಿದರು. ಸ್ಟಾಪು ರದ್ದಾಗಿದ್ದು ನಿಧಾನವೆಂದು, ವೇಗ ಮಾಡುವ ಹಾಗಿಲ್ಲ, ಏಕೆಂದರೆ ರದ್ದಾಗಿದೆ. ಸರ್ಕಾರಿ ತರ್ಕಕ್ಕೂ ಆ ಹಳೆಯ ಟ್ರಾಮಿನ ಹಾಗೆಯೇ ಎರಡೂ ಕಡೆ ಮುಖ.

ಡಾಲಸ್ಸಿನಲ್ಲಿ ಬಹಿರಂಗ ಸಭೆಯ ದಿನ ಹತ್ತಿರ ಬಂತು. ಅದಾದ ಮೇಲೆ ಸಿಟಿಯ ಸಮಿತಿಯವರು ಕೈ ಎತ್ತಿ ನಕ್ಷೆ ಒಪ್ಪುವುದು, ಮುಗಿಯಿತು. ಹಿಂದಿನ ಭಾನುವಾರ ನಾನು ಬಾಸಿನ ಮನೆಗೆ ಹೋದೆ. ಆಂಟಿ ರೊಟ್ಟಿ ಹಾಕಿದರು. ಎರಡನೆಯ ರೊಟ್ಟಿಗೆ ಧೈರ್ಯ ಬಂತು. ಸಭೆಯಲ್ಲಿ ಆ ಅಂಕಿ ಎಲ್ಲಿಂದ ಬಂತೆಂದು ನಾನೇ ಎದ್ದು ಹೇಳುತ್ತೇನೆ, ಕೆಲಸದಿಂದ ತೆಗೆಯುವುದಾದರೆ ಈಗಲೇ ತೆಗೆಯಿರಿ ಎಂದೆ. ಬಾಸಿನ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಸೀಲಿನ ಗತಿ ಏನು, ಎಂದು ಕೇಳಿದರು. ನನ್ನನ್ನಲ್ಲ, ರೊಟ್ಟಿಯನ್ನು ಕೇಳಿದ ಹಾಗಿತ್ತು. ಆಗ ಆಂಟಿ, ಒಲೆಯ ಕಡೆಯಿಂದ ತಿರುಗದೆಯೇ ಹೇಳಿದರು:

"ಹ್ವಾದ ವರ್ಷ ನಿಮ್ಮ ಅವ್ವ ಬಂದಾಗ ನಮ್ಮ ವ್ಯಾನ್ ಹತ್ತಲಿಕ್ಕೆ ಎಷ್ಟು ಹೊತ್ತು ತಗೋತಿದ್ರು? ಅದನ್ನೂ ಹಿಡದು ಬರೀಬೇಕಿತ್ತಲ್ರಿ. ಬಿಟ್ಟು ಹೋಗಬಹುದಿತ್ತು."

ಬಾಸು ಕೈಗಡಿಯಾರ ಬಿಚ್ಚಿ ತಟ್ಟೆಯ ಪಕ್ಕ ಇಟ್ಟರು. ನಾನು ಹೊರಡುವಾಗ ಬಾಗಿಲವರೆಗೆ ಬಂದು, ನೀನಾಗಿ ಹೇಳಲಿಕ್ಕೆ ಹೋಗಬ್ಯಾಡ, ಯಾರರೆ ಕೇಳಿದ್ರ ಖರೇ ಹೇಳು ಎಂದರು. ಅಷ್ಟು ಸಾಕಾಗಿತ್ತು.

ಸಭೆ ನಡೆದದ್ದು ಆ ಮೂಲೆಯ ಚರ್ಚಿನ ಸಭಾಂಗಣದಲ್ಲೇ. ಇಟ್ಟಿಗೆಯ ಕಟ್ಟಡದವರೆಲ್ಲ ಬಂದಿದ್ದರು, ಕೋಲು, ವಾಕರು, ಚರ್ಚಿಗೆ ಹಾಕುವ ಭಾನುವಾರದ ಬಟ್ಟೆ. ಹಸಿರು ಟೋಪಿ ಮೊದಲ ಸಾಲಿನಲ್ಲಿತ್ತು. ಬಿಲ್ಡರಿನ ವಕೀಲರು ಹೂಂಕರಿಸಿ ಶುರುಮಾಡಿ, ತೆರೆಯ ಮೇಲೆ ನಮ್ಮ ಕೋಷ್ಟಕವನ್ನೇ ತೋರಿಸಿ, ಅಂಕಿಗಳಿಗೆ ಭಾವನೆಯಿಲ್ಲ ಎಂದು ಹೇಳಿ ಕೂತರು. ಸಮಿತಿಯ ಅಧ್ಯಕ್ಷೆ ಹಾಳೆ ಮಗುಚುತ್ತಿದ್ದವರು ಥಟ್ಟನೆ, ಆ ಒಂದು ಸ್ಟಾಪಿಗೆ ಮಾತ್ರ ಅಳೆದ ದಿನ ಯಾವುದೆಂದು ಇಲ್ಲವಲ್ಲ, ಯಾರು ಅಳೆದದ್ದು ಎಂದರು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯಳು. ಬಾಸು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. ಅಳೆದದ್ದು ನಾನು, ಆದರೆ ಟ್ರಾಮಿನಲ್ಲಿ ಅಲ್ಲ ಎಂದು ಹೇಳಿ, ಉಳಿದದ್ದನ್ನು ಇವನು ಹೇಳುತ್ತಾನೆ ಎಂದು ನನ್ನತ್ತ ಕೈ ತೋರಿಸಿದರು.

ಹೇಳಿದೆ. ಗುಂಡಿ ಒತ್ತಲು ಮರೆತದ್ದು, ಹಬ್ಬ, ವೇದಿಕೆ, ಎಳೆದದ್ದು, ಎಲ್ಲ. ಹೇಳುತ್ತ ಹೋದ ಹಾಗೆ ಸಭೆ ತಣ್ಣಗಾಯಿತು. ಕಥೆ ಹೇಳಿ ಇಷ್ಟು ಹೊತ್ತು ಯಾರನ್ನೂ ನಗಿಸದೆ ನಿಂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ವಕೀಲರು ಎದ್ದು, ಇದು ಆಘಾತಕರ, ಆದರೂ ಎಂದು ಏನೋ ಶುರುಮಾಡಿದರು. ಹಸಿರು ಟೋಪಿಯ ಟೀಚರು ಕೋಲನ್ನು ಒಂದು ಸಲ ನೆಲಕ್ಕೆ ತಟ್ಟಿದರು. ಕ್ಲಾಸಿಗೆ ಕ್ಲಾಸೇ ಸುಮ್ಮನಾಯಿತು.

"ಟ್ರಾಮಿನಲ್ಲಿ ಕೂತು ನನ್ನ ಕಾಲನ್ನೇ ನೋಡ್ತಿದ್ದ ಹುಡುಗ ನೀನೇ ಅಲ್ಲವಾ?" ಎಂದರು. ಹೌದೆಂದೆ. "ಹಾಗಾದರೆ ಮಾಡಿ ತೋರಿಸು. ಎಲ್ಲರಿಗೂ ಗೊತ್ತಿದೆ ನಾನು ಹೇಗೆ ಹತ್ತುತ್ತೇನೆ ಅಂತ. ನನಗೊಬ್ಬಳಿಗೆ ಗೊತ್ತಿಲ್ಲ."

ಅಧ್ಯಕ್ಷೆ ಬೇಡವೆನ್ನಲಿಲ್ಲ. ವೇದಿಕೆಗೆ ಹತ್ತುವ ಮೆಟ್ಟಿಲುಗಳನ್ನೇ ಟ್ರಾಮಿನ ಮೆಟ್ಟಿಲು ಮಾಡಿಕೊಂಡೆ. ಕೈಚೀಲ, ಕೋಲು, ಒಂದು ಕಾಲು, ಡ್ರೈವರಿನ ಹೆಂಡತಿಯ ಮಂಡಿ, ಇನ್ನೊಂದು ಕಾಲು, ಔಷಧಿ ಅಂಗಡಿ. ಈ ಸಲ ಒಂದನ್ನು ಒಂದೇ ಮಾಡಿದೆ. ಒಂದು ಕೂದಲೂ ಎಳೆಯಲಿಲ್ಲ. ಮುಗಿಸಿ ತಿರುಗಿದರೆ ಹಿಂದಿನ ಸಾಲಿನಲ್ಲಿ ಒಬ್ಬ ತಾತ ನಕ್ಕು ಕೆಮ್ಮಿದರು, ಆಮೇಲೆ ಇಡೀ ಕಟ್ಟಡವೇ ನಕ್ಕಿತು. ಅವರು ನಕ್ಕದ್ದು ಆಕೆಯನ್ನು ಬಲ್ಲವರು ನಗುವ ಹಾಗೆ. ಯುಗಾದಿಯ ನಗು ಬೇರೆ ಜಾತಿಯದಾಗಿತ್ತು ಎಂದು ಆಗ ತಿಳಿಯಿತು. ಬಾಸು ತಮಗೇ ಗೊತ್ತಿಲ್ಲದೆ, ನಾಲಗೆಯ ತುದಿ ಹೊರಗಿಟ್ಟುಕೊಂಡು, ಗುಂಡಿ ಒತ್ತಿದ್ದರು. ಹದಿನೈದು, ಎಂದು ಜೋರಾಗಿ ಹೇಳಿಬಿಟ್ಟರು.

ಟೀಚರು ತಲೆಯಾಡಿಸಿ, ಚಳಿಗಾಲದಲ್ಲಿ ಇನ್ನೂ ನಿಧಾನ, ಸುಳ್ಳು ಹೇಳುವುದಿಲ್ಲ ಎಂದರು. ವಕೀಲರು ಅದನ್ನೇ ಹಿಡಿದರು. ಹೂಂಕರಿಸಿದರು. ಹದಿನೈದೋ ನಲವತ್ತೈದೋ, ವಿಳಂಬ ವಿಳಂಬವೇ. ಹೊಸ ಪ್ರಯಾಣಿಕರಿಗೆ ಅವಸರವಿರುತ್ತದೆ. ಹೊಸ ಸ್ಟಾಪು ಬರೀ ಮೂರು ಬ್ಲಾಕ್ ದೂರ. ಟ್ರಾಮು ಎಲ್ಲರದ್ದು, ಇಷ್ಟ ಬಂದ ಸೀಟಿನಲ್ಲಿ ಎಲ್ಲರೂ ಕೂರಬಹುದು, ಒಂದು ಮೂಲೆಗಾಗಿ ಊರನ್ನು ಕಾಯಿಸಬಾರದು ಎಂದರು. ಡಾಲಸ್ಸಿನ ಆಗಸ್ಟಿನಲ್ಲಿ ವಾಕರು ಹಿಡಿದು ಮೂರು ಬ್ಲಾಕ್ ನಡೆದು ನೋಡಿ ಎಂದು ನನ್ನ ನಾಲಗೆಯವರೆಗೆ ಬಂತು. ನನ್ನ ಅವಶ್ಯಕತೆ ಬೀಳಲಿಲ್ಲ.

ಟೀಚರು ಕೋಲೂರಿ ಎದ್ದರು, ಮೆಟ್ಟಿಲು ಹತ್ತುವ ಅದೇ ಗತಿಯಲ್ಲಿ. ಇಡೀ ಸಭೆ ಅಷ್ಟು ಹೊತ್ತೂ ಕಾದು ಕೂತಿತು. ಆಕೆ ಹೇಳಿದ ಮೇಲೆ ವಕೀಲರು ತೆರೆಯ ಮೇಲಿನ ಕೋಷ್ಟಕ ಆರಿಸಿದರು. ಅಧ್ಯಕ್ಷೆ ಕೈ ಎತ್ತಲು ಹೇಳಿದರು, ಎಲ್ಲ ಕೈಗಳೂ ಎದ್ದವು, ಸ್ಟಾಪು ಅಲ್ಲೇ ಉಳಿಯಿತು. ಎತ್ತರದ ಕಟ್ಟೆ ಸಹಿತ. ನನ್ನ ತಪ್ಪೊಪ್ಪಿಗೆಯಿಂದ ಅಲ್ಲ, ಬಾಸಿನ ಗಡಿಯಾರದಿಂದಲೂ ಅಲ್ಲ. ಎಷ್ಟೋ ಜನರ ದನಿಯನ್ನು ಕದ್ದಿರುವ ನಾನು ಆ ದನಿಯನ್ನು ಮಾತ್ರ ಇಂದಿಗೂ ಮಾಡಿ ತೋರಿಸುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಇಡುತ್ತೇನೆ:

"ನಾನು ಹುಡುಗಿಯಾಗಿದ್ದಾಗ ಇದೇ ಹಳಿಯ ಮೇಲೆ ನಮ್ಮನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು, ವಕೀಲರೇ. ಹಾಗೆ ಕೂರಿಸಿದವರೂ ಈ ಮೂಲೆಯಲ್ಲಿ ಟ್ರಾಮು ನಿಲ್ಲಿಸುತ್ತಿದ್ದರು."